ನಿಧಾನ ಕ್ವೆರಿಯ ಜಾಡು ಹಿಡಿಯಲು ಯಾವ ಸಾಧನ? ಲಾಗ್, ಅಂಕಿಅಂಶ, ಟ್ರೇಸಿಂಗ್‌ಗಳ ಹೋಲಿಕೆ

ಆ್ಯಪ್ ನಿಧಾನವಾಗಿದೆ, ಡೇಟಾಬೇಸ್ ಮೇಲೆ ಅನುಮಾನವಿದೆ, ಏನು ಹಾಕಿ ನೋಡಲಿ ಎಂದು ಕೇಳಿದರೆ ನಾಲ್ಕು ಕಡೆಯಿಂದ ನಾಲ್ಕು ಸಲಹೆ ಬರುತ್ತದೆ. ಒಬ್ಬರು ಸ್ಲೋ ಕ್ವೆರಿ ಲಾಗ್, ಎಂದರೆ ಡೇಟಾಬೇಸ್‌ಗೆ ಹೋದ ಕೋರಿಕೆಗಳಲ್ಲಿ (ಕ್ವೆರಿ) ನಿಧಾನವಾದವುಗಳ ದಾಖಲೆ, ಸಾಕು ಎನ್ನುತ್ತಾರೆ. ಇನ್ನೊಬ್ಬರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಂಕಿಅಂಶಗಳ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ ಎನ್ನುತ್ತಾರೆ. ಮೂರನೆಯವರಿಗೆ ಒಂದೊಂದು ವಿನಂತಿಯ ಜಾಡು ಹಿಡಿಯುವ (ಟ್ರೇಸಿಂಗ್) ಓಪನ್‌ಟೆಲಿಮೆಟ್ರಿ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನಾಲ್ಕನೆಯವರು ಆ್ಯಪ್‌ನ ವೇಗದ ಮೇಲೆ ಕಣ್ಣಿಡುವ ಒಂದು ಎಪಿಎಂ ಸೇವೆಗೆ ಹಣ ಕಟ್ಟಿ ನೆಮ್ಮದಿಯಾಗಿರಿ ಎನ್ನುತ್ತಾರೆ. ಯಾರ ಸಲಹೆಯೂ ತಪ್ಪಲ್ಲ, ಆದರೆ ಒಬ್ಬೊಬ್ಬರೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ನಿಮ್ಮ ಪ್ರಶ್ನೆ ಯಾವುದು ಎಂಬುದು ಖಚಿತವಾದರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಹೆಚ್ಚಾಗಿ ಪೋಸ್ಟ್‌ಗ್ರೆಸ್ ಹಿಡಿದು ಬರೆಯುತ್ತಿದ್ದೇನೆ. ಮೈಎಸ್‌ಕ್ಯೂಎಲ್ ಬಳಸುವವರಿಗೆ ಬೇಕಾದದ್ದನ್ನು ಅಲ್ಲಲ್ಲೇ ಹೇಳುತ್ತೇನೆ.

ಯಾವುದರಿಂದ ಅಳೆಯಬೇಕು

ಮೊದಲನೆಯ ಮಾನದಂಡ ಪ್ರಶ್ನೆಯ ಸ್ವರೂಪ. ನಿಧಾನದ ಬಗ್ಗೆ ಸಾಮಾನ್ಯವಾಗಿ ಮೂರು ಬಗೆಯ ಪ್ರಶ್ನೆಗಳಿರುತ್ತವೆ. ಸರ್ವರ್‌ನ ಸಮಯವನ್ನೆಲ್ಲ ನುಂಗುತ್ತಿರುವ ಕ್ವೆರಿಗಳು ಯಾವುವು? ನಿನ್ನೆ ಸಂಜೆ ಆ ಒಬ್ಬ ಗ್ರಾಹಕರ ಪುಟ ತೆರೆಯಲು 9 ಸೆಕೆಂಡ್ ಏಕೆ ಬೇಕಾಯಿತು? ಈ ಕ್ವೆರಿ ನಿಧಾನವೆಂದು ಗೊತ್ತಿದೆ, ಆದರೆ ಅದರ ಹೊಟ್ಟೆಯೊಳಗೆ ನಡೆಯುತ್ತಿರುವುದು ಏನು? ಮೂರಕ್ಕೂ ಸಮರ್ಥವಾಗಿ ಉತ್ತರಿಸುವ ಒಂದೇ ಸಾಧನವನ್ನು ನಾನು ಇನ್ನೂ ಕಂಡಿಲ್ಲ. ಇದೆ ಎಂದು ಮಾರಲು ಬರುವವರನ್ನು ಮಾತ್ರ ಬಹಳ ಕಂಡಿದ್ದೇನೆ.

ಎರಡನೆಯದು ಚಾಲ್ತಿಯಲ್ಲಿರುವ ಸರ್ವರ್ ಮೇಲೆ ಬೀಳುವ ಹೊರೆ. ಮೂರನೆಯದು ಅಳವಡಿಕೆ: ಡೇಟಾಬೇಸ್ ರೀಸ್ಟಾರ್ಟ್ ಮಾಡಬೇಕೇ, ಕೋಡ್ ಮುಟ್ಟಬೇಕೇ, ಅದಕ್ಕೆ ನಿಮಗೆ ಅಧಿಕಾರವಿದೆಯೇ? ನಾಲ್ಕನೆಯದು ಹಣ. ಉಚಿತ ಸಾಧನವನ್ನು ನೋಡಿಕೊಳ್ಳುವವರ ಸಂಬಳವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಐದನೆಯದನ್ನು ಬಹಳಷ್ಟು ತಂಡಗಳು ಕೊನೆಯ ಗಳಿಗೆಯವರೆಗೂ ನೆನೆಯುವುದಿಲ್ಲ. ಕ್ವೆರಿಯ ಜೊತೆಗೆ ಅದರೊಳಗಿನ ಮೌಲ್ಯಗಳು, ಎಂದರೆ ಮೊಬೈಲ್ ಸಂಖ್ಯೆ, ಹೆಸರು, ಆಧಾರ್ ಸಂಖ್ಯೆ, ಇನ್ನೆಲ್ಲಿಗೋ ಹೋಗಿ ಕೂರುತ್ತವೆಯೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಒರೆಗೆ ಹಚ್ಚಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಲೇಜೊಂದರ ಶುಲ್ಕ ಬಾಕಿ ತೋರಿಸುವ ಪುಟದಲ್ಲಿ 200 ವಿದ್ಯಾರ್ಥಿಗಳ ಪಟ್ಟಿಯಿದೆ. ಕೋಡ್ ಮೊದಲು ಒಂದು ಕ್ವೆರಿಯಿಂದ ಹೆಸರುಗಳನ್ನು ತರುತ್ತದೆ. ಆಮೇಲೆ ಒಬ್ಬೊಬ್ಬರ ಬಾಕಿಗೂ ಒಂದೊಂದು ಕ್ವೆರಿ ಕಳಿಸುತ್ತದೆ. ಎನ್ ಪ್ಲಸ್ ಒನ್ ಎಂದು ಎಲ್ಲರೂ ಕರೆಯುವ ಕಾಯಿಲೆ ಇದೇ. ಪ್ರತಿ ಕ್ವೆರಿಗೆ ಡೇಟಾಬೇಸ್ ಒಳಗೆ ಅರ್ಧ ಮಿಲಿಸೆಕೆಂಡ್, ನೆಟ್‌ವರ್ಕ್‌ನಲ್ಲಿ ಹೋಗಿಬರಲು ಒಂದೂವರೆ ಮಿಲಿಸೆಕೆಂಡ್ ಎಂದುಕೊಳ್ಳಿ. ಬಳಕೆದಾರರು 400 ಮಿಲಿಸೆಕೆಂಡ್ ಕಾಯುತ್ತಾರೆ, ಡೇಟಾಬೇಸ್ ಮಾತ್ರ ತಾನು ದುಡಿದದ್ದು 100 ಮಿಲಿಸೆಕೆಂಡ್ ಎನ್ನುತ್ತದೆ. ಇಂಥ ಕಡೆ ಡೇಟಾಬೇಸ್ ಸರ್ವರ್‌ಗೆ ಇನ್ನಷ್ಟು ಮೆಮೊರಿ ಹಾಕಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಸ್ಲೋ ಕ್ವೆರಿ ಲಾಗ್

ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಸುಲಭದ್ದು. ಪೋಸ್ಟ್‌ಗ್ರೆಸ್‌ನಲ್ಲಿ 'ಲಾಗ್ ಮಿನ್ ಡ್ಯುರೇಷನ್ ಸ್ಟೇಟ್‌ಮೆಂಟ್' ಎಂಬ ಸೆಟ್ಟಿಂಗ್ ಮೂಲ ಸ್ಥಿತಿಯಲ್ಲಿ ಮೈನಸ್ 1, ಎಂದರೆ ಬಂದ್. ಅದನ್ನು 500 ಎಂದು ಬದಲಿಸಿ ಕಾನ್ಫಿಗ್ ರೀಲೋಡ್ ಮಾಡಿದರೆ ಅರ್ಧ ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಓಡಿದ ಪ್ರತಿಯೊಂದು ಕ್ವೆರಿ ಲಾಗ್‌ಗೆ ಬೀಳುತ್ತದೆ. ರೀಸ್ಟಾರ್ಟ್ ಬೇಡ, ಕೋಡ್ ಮುಟ್ಟುವುದು ಬೇಡ. ಲಾಗ್ ಕಡತವನ್ನು ಪಿಜಿಬ್ಯಾಡ್ಜರ್ ಎಂಬ ಉಚಿತ ಪರ್ಲ್ ಸ್ಕ್ರಿಪ್ಟ್‌ಗೆ ಕೊಟ್ಟರೆ ಗಂಟೆವಾರು ಚಿತ್ರಗಳಿರುವ ಅಚ್ಚುಕಟ್ಟಾದ ಎಚ್‌ಟಿಎಂಎಲ್ ವರದಿ ಬರುತ್ತದೆ. ಮೈಎಸ್‌ಕ್ಯೂಎಲ್‌ನವರಿಗೆ ಇದೇ ಕೆಲಸಕ್ಕೆ ಪರ್ಕೋನಾ ಟೂಲ್‌ಕಿಟ್‌ನ ಪಿಟಿ ಕ್ವೆರಿ ಡೈಜೆಸ್ಟ್ ಇದೆ.

ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಕಡೆ ಎಡವುವವರು ಬಹಳ. 'ಲಾಂಗ್ ಕ್ವೆರಿ ಟೈಮ್' ಮೂಲ ಮೌಲ್ಯ 10 ಸೆಕೆಂಡ್. ವೆಬ್ ಆ್ಯಪ್‌ಗೆ ಅದು ಯಾವ ಉಪಯೋಗಕ್ಕೂ ಬಾರದು, 0.2ರಂಥ ದಶಮಾಂಶವನ್ನು ಹಾಕಬಹುದು. ಇನ್ನೊಂದು, ಅದನ್ನು ಗ್ಲೋಬಲ್ ಆಗಿ ಬದಲಿಸಿದರೂ ಆಗಲೇ ತೆರೆದಿರುವ ಸಂಪರ್ಕಗಳು ಹಳೆಯ ಮೌಲ್ಯದಲ್ಲೇ ಮುಂದುವರಿಯುತ್ತವೆ. ಸಂಪರ್ಕಗಳನ್ನು ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್ ಪೂಲ್ ಇರುವ ಆ್ಯಪ್‌ನಲ್ಲಿ ಇದರ ಫಲವೆಂದರೆ ಗಂಟೆಗಟ್ಟಲೆ ಕಾದರೂ ಲಾಗ್ ಖಾಲಿ, 'ನಮ್ಮಲ್ಲಿ ನಿಧಾನ ಕ್ವೆರಿಯೇ ಇಲ್ಲ' ಎಂಬ ಸುಳ್ಳು ಸಮಾಧಾನ. ಪೂಲ್ ಅನ್ನು ಹೊಸದಾಗಿ ತೆರೆಯುವಂತೆ ಮಾಡಿ.

ಲಾಗ್‌ನ ಬಲ ಒಂದೊಂದು ಘಟನೆಯ ನಿಖರ ದಾಖಲೆ. ಎಷ್ಟು ಗಂಟೆಗೆ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ಮೌಲ್ಯಗಳೊಂದಿಗೆ ಎಂಬುದು ಸಿಗುತ್ತದೆ. ಒಂದೇ ಕ್ವೆರಿ ಒಬ್ಬ ಗ್ರಾಹಕರಿಗೆ ಚುರುಕು, ಲಕ್ಷ ಸಾಲುಗಳಿರುವ ಇನ್ನೊಬ್ಬರಿಗೆ ನಿಧಾನ ಎಂಬಂಥ ಸಮಸ್ಯೆಯನ್ನು ಬಿಡಿಸಲು ಮೌಲ್ಯಗಳು ಬೇಕೇ ಬೇಕು. ಆದರೆ ಐದನೆಯ ಮಾನದಂಡದಲ್ಲಿ ಸೋಲುವುದೂ ಇಲ್ಲಿಯೇ: ವೈಯಕ್ತಿಕ ವಿವರಗಳು ಸರಳ ಪಠ್ಯವಾಗಿ ಕಡತಕ್ಕೆ ಇಳಿಯುತ್ತವೆ. ಪೋಸ್ಟ್‌ಗ್ರೆಸ್ 13ರಿಂದ ಬೈಂಡ್ ಮೌಲ್ಯಗಳ, ಎಂದರೆ ಕ್ವೆರಿಯ ಪಠ್ಯದಿಂದ ಬೇರೆಯಾಗಿ ಕಳಿಸಿದ ಮೌಲ್ಯಗಳ, ಉದ್ದಕ್ಕೆ ಮಿತಿ ಹಾಕಬಹುದು, ಸೊನ್ನೆ ಹಾಕಿ ಪೂರ್ತಿ ತಡೆಯಲೂಬಹುದು. ಕ್ವೆರಿಯ ಪಠ್ಯದೊಳಗೇ ಬರೆದು ಕಳಿಸಿದ ಮೌಲ್ಯಗಳಿಗೆ ಆ ತಡೆ ತಾಗದು.

ನಮ್ಮ ಶುಲ್ಕದ ಪುಟ ಈ ಪರೀಕ್ಷೆಯಲ್ಲಿ ಏನಾಗುತ್ತದೆ? ಏನೂ ಕಾಣುವುದಿಲ್ಲ. ಅರ್ಧ ಮಿಲಿಸೆಕೆಂಡ್‌ನ ಕ್ವೆರಿ 500ರ ಗಡಿ ದಾಟುವ ಪ್ರಶ್ನೆಯೇ ಇಲ್ಲ. ಗಡಿಯನ್ನು ಸೊನ್ನೆಗೆ ಇಳಿಸಿ ಎಲ್ಲವನ್ನೂ ಬರೆಸುತ್ತೇನೆ ಎಂದರೆ, ದಟ್ಟಣೆಯ ಸರ್ವರ್‌ನಲ್ಲಿ ಡಿಸ್ಕ್ ತುಂಬಲು ಹೆಚ್ಚು ಹೊತ್ತು ಬೇಕಾಗದು. 13ನೇ ಆವೃತ್ತಿಯಲ್ಲಿ ಬಂದ ಸ್ಯಾಂಪಲಿಂಗ್ ಇಲ್ಲಿ ನಡುದಾರಿ: 500 ಮೀರಿದ್ದನ್ನೆಲ್ಲ ಬರೆ, ಅದಕ್ಕಿಂತ ಚಿಕ್ಕವುಗಳಲ್ಲಿ ನೂರಕ್ಕೊಂದನ್ನು ಮಾತ್ರ ಬರೆ ಎಂದು ಹೇಳಬಹುದು.

ಲಾಗ್ ತೆರೆಯುವಾಗಲೇ 'ಲಾಗ್ ಲಾಕ್ ವೇಟ್ಸ್' ಅನ್ನೂ ಆನ್ ಮಾಡಿಕೊಳ್ಳಿ. ಇನ್ನೊಂದು ಕ್ವೆರಿ ಹಿಡಿದಿರುವ ಲಾಕ್ ಬಿಡಲೆಂದು ಒಂದು ಸೆಕೆಂಡ್‌ಗಿಂತ ಹೆಚ್ಚು ಕಾದದ್ದೆಲ್ಲ ದಾಖಲಾಗುತ್ತದೆ. ನಿಧಾನವೆಂದು ಬೈಸಿಕೊಳ್ಳುವ ಎಷ್ಟೋ ಅಪ್‌ಡೇಟ್‌ಗಳು ನಿಜವಾಗಿ ಸರದಿಯಲ್ಲಿ ನಿಂತಿರುತ್ತವೆ, ಅಷ್ಟೇ.

ಒಟ್ಟು ಲೆಕ್ಕದ ಪುಸ್ತಕ: ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್

ಒಂದನ್ನೇ ಆರಿಸಿಕೊ ಎಂದರೆ ನಾನು ಆರಿಸುವುದು ಇದನ್ನು. 2009ರ ಪೋಸ್ಟ್‌ಗ್ರೆಸ್ 8.4ರಿಂದ ಜೊತೆಗೇ ಬರುತ್ತಿರುವ ಎಕ್ಸ್‌ಟೆನ್ಷನ್. ಒಂದೇ ರೂಪದ ಕ್ವೆರಿಗಳನ್ನು, ಮೌಲ್ಯಗಳನ್ನು ತೆಗೆದುಹಾಕಿ, ಒಂದು ಸಾಲಿನಲ್ಲಿ ಕೂಡಿಸುತ್ತದೆ. ಎಷ್ಟು ಬಾರಿ ಕರೆಯಲಾಯಿತು, ಒಟ್ಟು ಎಷ್ಟು ಸಮಯ, ಸರಾಸರಿ, ಗರಿಷ್ಠ, ಎಷ್ಟು ಬ್ಲಾಕ್‌ಗಳು ಮೆಮೊರಿಯಲ್ಲೇ ಸಿಕ್ಕವು, ಎಷ್ಟನ್ನು ಹೊರಗಿನಿಂದ ಓದಬೇಕಾಯಿತು, ಎಲ್ಲವೂ ಒಂದು ಕೋಷ್ಟಕದಂತೆ ಸಿಗುತ್ತದೆ. ಒಟ್ಟು ಸಮಯದ ಇಳಿಕೆ ಕ್ರಮದಲ್ಲಿ ಮೊದಲ 20 ಸಾಲು ತೆಗೆದರೆ ಸಾಕು, ಮುಂದಿನ ವಾರದ ಕೆಲಸ ಕಣ್ಣ ಮುಂದೆ ಬರುತ್ತದೆ.

ಶುಲ್ಕದ ಪುಟ ಇಲ್ಲಿ ಸಿಕ್ಕಿಬೀಳುತ್ತದೆ. ಸರಾಸರಿ 0.5 ಮಿಲಿಸೆಕೆಂಡ್, ಕರೆಗಳ ಸಂಖ್ಯೆ ಮಾತ್ರ ಹೆಸರಿನ ಪಟ್ಟಿ ತರುವ ಕ್ವೆರಿಯ 200 ಪಟ್ಟು. ಆ ಅನುಪಾತವನ್ನು ನೋಡಿದ ಕೂಡಲೇ ಅನುಭವಸ್ಥರು ಲೂಪ್ ಎಲ್ಲಿದೆ ಎಂದು ಕೇಳುತ್ತಾರೆ. ಇಂಥ ಕ್ವೆರಿಯನ್ನು ಸರಾಸರಿಯ ಕ್ರಮದಲ್ಲಿ ಜೋಡಿಸಿದರೆ ಅದು ಪಟ್ಟಿಯ ತಳದಲ್ಲಿ ಅಡಗಿರುತ್ತದೆ. ಆದ್ದರಿಂದ ಮೊದಲು ಒಟ್ಟು ಸಮಯ, ಆಮೇಲೆ ಕರೆಗಳ ಸಂಖ್ಯೆ, ಕೊನೆಗೆ ಸರಾಸರಿ.

ಹೊರೆ ಸಾಮಾನ್ಯ ವೆಬ್ ಆ್ಯಪ್‌ಗಳಲ್ಲಿ ಗಮನಕ್ಕೆ ಬರುವಷ್ಟಿರುವುದಿಲ್ಲ. ಹಣ ಬೇಡ. ಮೌಲ್ಯಗಳು ಉಳಿಯುವುದಿಲ್ಲವಾದ್ದರಿಂದ ಗೌಪ್ಯತೆಯ ದೃಷ್ಟಿಯಿಂದಲೂ ಬಹುಮಟ್ಟಿಗೆ ನಿಶ್ಚಿಂತೆ. ಆದರೆ ಸರ್ವರ್ ಶುರುವಾಗುವಾಗಲೇ ಲೋಡ್ ಆಗಬೇಕಾದ ಲೈಬ್ರರಿ ಇದು, ಹಾಗಾಗಿ ಮೊದಲ ಸಲ ಒಂದು ರೀಸ್ಟಾರ್ಟ್ ಅನಿವಾರ್ಯ. ಹೊಸ ಸರ್ವರ್ ಕಟ್ಟುವಾಗಲೇ ಹಾಕಿಟ್ಟರೆ ಮುಂದೆ ಮಧ್ಯರಾತ್ರಿ ಎದ್ದು ಕೂರುವ ಪ್ರಸಂಗ ತಪ್ಪುತ್ತದೆ.

ಇದರ ಕುರುಡು ಕಲೆಗಳನ್ನು ಚೆನ್ನಾಗಿ ತಿಳಿದಿರಬೇಕು. ಲೆಕ್ಕ ಕೂಡುತ್ತಲೇ ಹೋಗುತ್ತದೆ, ಸಮಯದ ಸಾಲು ಇಲ್ಲ. ನಿನ್ನೆ ಸಂಜೆ ಏನಾಯಿತು ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ, ನೀವೇ ಹತ್ತು ನಿಮಿಷಕ್ಕೊಮ್ಮೆ ಪ್ರತಿ ತೆಗೆದಿಟ್ಟು ಕಳೆದು ನೋಡಬೇಕು. ಸರಾಸರಿ ಮತ್ತು ವಿಚಲನೆ ಇವೆ, ಆದರೆ 95ನೇ ಪರ್ಸೆಂಟೈಲ್, ಎಂದರೆ ನೂರರಲ್ಲಿ 95 ಕರೆಗಳು ಎಷ್ಟರೊಳಗೆ ಮುಗಿದವು ಎಂಬುದು, ಇಲ್ಲ. ಮೂಲ ಮಿತಿ 5000 ಬಗೆಯ ಕ್ವೆರಿಗಳು, ಅದು ತುಂಬಿದರೆ ಕಡಿಮೆ ಬಳಕೆಯವು ಹೊರಬೀಳುತ್ತವೆ. ಒಂದು ಪಟ್ಟಿಯಲ್ಲಿ ಮೂರು ಮೌಲ್ಯವಿರುವ ಕ್ವೆರಿ, ನಾಲ್ಕು ಮೌಲ್ಯವಿರುವ ಅದೇ ಕ್ವೆರಿ ಬೇರೆಬೇರೆ ಸಾಲುಗಳಾಗುತ್ತಿದ್ದ ಕಾರಣ ಈ ಮಿತಿ ಬೇಗ ತುಂಬುತ್ತಿತ್ತು. 18ನೇ ಆವೃತ್ತಿ ಸ್ಥಿರ ಮೌಲ್ಯಗಳ ಪಟ್ಟಿಗಳನ್ನು ಒಂದಾಗಿ ಮಡಚುತ್ತದೆ.

ಎಲ್ಲಕ್ಕಿಂತ ದೊಡ್ಡ ಕುರುಡು ಕಲೆ ಬೇರೆಯೇ. ಟೈಮ್‌ಔಟ್ ಆಗಿ ಅರ್ಧಕ್ಕೆ ಸತ್ತ ಕ್ವೆರಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 30 ಸೆಕೆಂಡ್ ಸ್ಟೇಟ್‌ಮೆಂಟ್ ಟೈಮ್‌ಔಟ್ ಇಟ್ಟಿರುವವರ ಅತ್ಯಂತ ಕೆಟ್ಟ ಕ್ವೆರಿ ಈ ಪಟ್ಟಿಯಲ್ಲಿ ಮುಖವನ್ನೇ ತೋರಿಸದಿರಬಹುದು. ಅದು ಸಿಗುವುದು ಲಾಗ್‌ನ ಎರರ್ ಸಾಲುಗಳಲ್ಲಿ. ಆದ್ದರಿಂದಲೇ ಇವೆರಡು ಸಾಧನಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದು ಎನ್ನುವುದಕ್ಕಿಂತ ಎರಡೂ ಇರಲಿ ಎನ್ನುವುದು ನನ್ನ ಮತ.

ಬರಿಯ ಕೋಷ್ಟಕ ನೋಡಲು ಬೇಸರವಾದರೆ ಪಿಜಿಹೀರೋ ಅಥವಾ ಪರ್ಕೋನಾದ ಪಿಎಂಎಂ ಉಚಿತವಾಗಿ ಇದರ ಮೇಲೆ ಪರದೆ ಕಟ್ಟಿಕೊಡುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಪರ್ಫಾರ್ಮೆನ್ಸ್ ಸ್ಕೀಮಾದ ಡೈಜೆಸ್ಟ್ ಕೋಷ್ಟಕ ಇದೇ ಕೆಲಸ ಮಾಡುತ್ತದೆ, 5.7ರಿಂದ ಅದನ್ನು ಓದಬಹುದಾದ ರೂಪಕ್ಕೆ ತರುವ ಸಿಸ್ ಸ್ಕೀಮಾ ಜೊತೆಗಿದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದ ಕ್ವೆರಿ ಸ್ಟೋರ್ ಇದೆ. ಅದು ಪ್ಲ್ಯಾನ್‌ಗಳ (ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸುವುದು ಎಂಬ ಡೇಟಾಬೇಸ್‌ನ ಯೋಜನೆ) ಇತಿಹಾಸವನ್ನೂ ಸಮಯದ ಸಾಲಿನೊಂದಿಗೆ ಇಟ್ಟುಕೊಳ್ಳುವುದನ್ನು ನೋಡಿದಾಗ ಪೋಸ್ಟ್‌ಗ್ರೆಸ್‌ನವರಾದ ನಮಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ. ಆರಕಲ್ ಬಳಸುವವರಿಗೆ ಒಂದು ಎಚ್ಚರಿಕೆ: ಇದೇ ಬಗೆಯ ಲೆಕ್ಕ ಕೊಡುವ ಎಡಬ್ಲ್ಯೂಆರ್ ವರದಿ ಕೈಗೆಟಕುವಂತೆ ಕಂಡರೂ ಅದನ್ನು ಬಳಸಲು ಡಯಾಗ್ನೋಸ್ಟಿಕ್ಸ್ ಪ್ಯಾಕ್‌ನ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಇಲ್ಲದಿದ್ದರೆ ಹಳೆಯ ಸ್ಟ್ಯಾಟ್ಸ್‌ಪ್ಯಾಕ್‌ಗೇ ಮೊರೆಹೋಗಿ.

ಪ್ಲ್ಯಾನ್ ಹಿಡಿಯುವ ಆಟೋ ಎಕ್ಸ್‌ಪ್ಲೇನ್

ಕ್ವೆರಿ ಯಾವುದು ಎಂದು ಗೊತ್ತಾದ ಮೇಲೆ ಅದರ ಪ್ಲ್ಯಾನ್ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಓಡಿಸಿ ನೋಡುವುದು ವಾಡಿಕೆ. ತೊಂದರೆಯೇನೆಂದರೆ ನೀವು ಬೆಳಗ್ಗೆ ಓಡಿಸಿದಾಗ ಅದು 3 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ. ಸಂಜೆ ಬೇರೆ ಮೌಲ್ಯಕ್ಕೆ ಬೇರೆ ಪ್ಲ್ಯಾನ್ ಹಿಡಿದದ್ದು ಗೊತ್ತಾಗುವುದೇ ಇಲ್ಲ. ಆ ಗಳಿಗೆಯ ಪ್ಲ್ಯಾನ್ ಅನ್ನೇ ಲಾಗ್‌ಗೆ ಬರೆಸುವುದು ಆಟೋ ಎಕ್ಸ್‌ಪ್ಲೇನ್ ಕೆಲಸ.

ಹೊರೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. 'ಲಾಗ್ ಅನಲೈಜ್' ಆನ್ ಮಾಡಿದರೆ ಪ್ಲ್ಯಾನ್‌ನ ಪ್ರತಿ ಹಂತಕ್ಕೂ ಗಡಿಯಾರ ನೋಡಲಾಗುತ್ತದೆ. ಅದೂ ಲಾಗ್‌ಗೆ ಬೀಳುವ ಕ್ವೆರಿಗಳಿಗಷ್ಟೇ ಅಲ್ಲ, ಓಡುವ ಎಲ್ಲ ಕ್ವೆರಿಗಳಿಗೂ. ಏಕೆಂದರೆ ಯಾವುದು ನಿಧಾನವಾಗಲಿದೆ ಎಂದು ಮೊದಲೇ ತಿಳಿಯುವುದಿಲ್ಲವಲ್ಲ. ಹಾಗಾಗಿ 'ಲಾಗ್ ಟೈಮಿಂಗ್' ಆಫ್ ಮಾಡಿ, ಸ್ಯಾಂಪಲ್ ದರವನ್ನು ನೂರಕ್ಕೆ ಒಂದೆರಡಕ್ಕೆ ಇಳಿಸಿ. ಟೈಮಿಂಗ್ ಇಲ್ಲದಿದ್ದರೂ ಅಂದಾಜಿನ ಸಾಲುಗಳೆಷ್ಟು, ನಿಜವಾಗಿ ಬಂದ ಸಾಲುಗಳೆಷ್ಟು ಎಂಬುದು ಸಿಗುತ್ತದೆ. ತಪ್ಪು ಪ್ಲ್ಯಾನ್ ಹಿಡಿದಿರುವುದನ್ನು ಕಂಡುಹಿಡಿಯಲು ಬಹುತೇಕ ಅಷ್ಟು ಸಾಕು. ನಿಮ್ಮ ಯಂತ್ರದಲ್ಲಿ ಗಡಿಯಾರ ನೋಡುವುದು ಎಷ್ಟು ದುಬಾರಿ ಎಂದು ತಿಳಿಯಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಟೆಸ್ಟ್ ಟೈಮಿಂಗ್ ಓಡಿಸಿ ನೋಡಿ.

ಇದನ್ನು ವರ್ಷವಿಡೀ ಇಡುವುದಕ್ಕಿಂತ ಅನುಮಾನ ಬಂದಾಗ ತೆರೆಯುವುದು ಒಳ್ಳೆಯದು. ಹೊಸ ಸಂಪರ್ಕಗಳಿಗೆ ಮಾತ್ರ ಅನ್ವಯವಾಗುವಂತೆ, ರೀಸ್ಟಾರ್ಟ್ ಇಲ್ಲದೆಯೂ ಲೋಡ್ ಮಾಡಬಹುದು.

ಬರೆಯುವಾಗಲೇ ಹಿಡಿಯುವುದು

ಜಾಂಗೋ ಡೀಬಗ್ ಟೂಲ್‌ಬಾರ್, ರೈಲ್ಸ್‌ಗೆ ಬುಲೆಟ್, ಜಾವಾದಲ್ಲಿ ಹೈಬರ್ನೇಟ್‌ನ ಅಂಕಿಅಂಶಗಳು ಡೆವಲಪರ್‌ನ ಸ್ವಂತ ಯಂತ್ರದಲ್ಲಿ ಓಡುವಂಥವು. ಶುಲ್ಕದ ಪುಟ ತೆರೆದ ಕೂಡಲೇ ಟೂಲ್‌ಬಾರ್ ಬದಿಯಲ್ಲಿ 201 ಕ್ವೆರಿ ಎಂದು ತೋರಿಸುತ್ತದೆ. ಹಣವಿಲ್ಲ, ಚಾಲ್ತಿ ಸರ್ವರ್ ಮೇಲೆ ಹೊರೆಯಿಲ್ಲ, ಗೌಪ್ಯತೆಯ ಕಿರಿಕಿರಿಯಿಲ್ಲ. ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆಗೆಂದು 10 ವಿದ್ಯಾರ್ಥಿಗಳನ್ನಷ್ಟೇ ತುಂಬಿದ್ದರೆ 11 ಕ್ವೆರಿ ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಅದಕ್ಕಿಂತ ಗಟ್ಟಿಯಾದ ದಾರಿ ಟೆಸ್ಟ್‌ನಲ್ಲೇ ಮಿತಿ ಹಾಕುವುದು. ಜಾಂಗೋದಲ್ಲಿ ಒಂದು ಪುಟಕ್ಕೆ ಇಷ್ಟೇ ಕ್ವೆರಿ ಎಂದು ಬರೆದಿಟ್ಟರೆ ನಾಳೆ ಇನ್ನಾರೋ ಲೂಪ್‌ನೊಳಗೆ ಒಂದು ಸಾಲು ಸೇರಿಸಿದಾಗ ಟೆಸ್ಟ್ ಮುರಿದು ಬೀಳುತ್ತದೆ.

ಟ್ರೇಸಿಂಗ್: ವಿನಂತಿಯ ಬೆನ್ನು ಹತ್ತಿ

ಮೇಲಿನ ಮೂರು ಡೇಟಾಬೇಸ್ ಸಾಧನಗಳಿಗೂ ಕಾಣದ ಒಂದು ಜಾಗವಿದೆ: ಆ್ಯಪ್ ಮತ್ತು ಡೇಟಾಬೇಸ್ ನಡುವಿನ ಜಾಗ. ಪೂಲ್‌ನಲ್ಲಿ ಖಾಲಿ ಸಂಪರ್ಕಕ್ಕಾಗಿ ಕಾದ ಹೊತ್ತು, ನೆಟ್‌ವರ್ಕ್‌ನ ಓಡಾಟ, ಬಂದ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿ ಪರಿವರ್ತಿಸಲು ಓಆರ್‌ಎಂ ಲೈಬ್ರರಿ ತಿನ್ನುವ ಸಮಯ, ಇವೆಲ್ಲ ಡೇಟಾಬೇಸ್‌ನ ಗಡಿಯಾರದ ಹೊರಗಿವೆ. ಶುಲ್ಕದ ಪುಟದ 400ರಲ್ಲಿ 300 ಮಿಲಿಸೆಕೆಂಡ್ ಹೋದದ್ದು ಅಲ್ಲಿಯೇ. ಟ್ರೇಸ್ ತೆರೆದರೆ ಒಂದು ವಿನಂತಿಯ ಕೆಳಗೆ ಒಂದೇ ಅಳತೆಯ 200 ಸಣ್ಣ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಅದನ್ನು ಮ್ಯಾನೇಜರ್‌ಗೆ ವಿವರಿಸುವ ಅಗತ್ಯವೂ ಬೀಳುವುದಿಲ್ಲ.

ಈ ವಿಚಾರಕ್ಕೆ ದಾರಿ ಮಾಡಿದ್ದು ಗೂಗಲ್ 2010ರಲ್ಲಿ ಪ್ರಕಟಿಸಿದ ಡ್ಯಾಪರ್ ಪ್ರಬಂಧ. ಆಮೇಲೆ ಟ್ವಿಟರ್‌ನ ಜಿಪ್ಕಿನ್, ಊಬರ್‌ನ ಯೇಗರ್ ಬಂದವು. 2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಕೂಡಿ ಓಪನ್‌ಟೆಲಿಮೆಟ್ರಿಯಾಯಿತು. ಇವತ್ತು ಹೊಸದಾಗಿ ಶುರುಮಾಡುವವರು ಆ್ಯಪ್‌ನೊಳಗೆ ಓಪನ್‌ಟೆಲಿಮೆಟ್ರಿಯನ್ನೇ ಅಳವಡಿಸಬೇಕು. ದತ್ತಾಂಶವನ್ನು ಯೇಗರ್‌ಗೆ ಕಳಿಸುವುದೋ, ಗ್ರಾಫಾನಾ ಟೆಂಪೋಗೋ, ಹಣ ಕೊಟ್ಟು ಕೊಂಡ ಸೇವೆಗೋ ಎಂಬುದನ್ನು ನಾಳೆ ಕೋಡ್ ಮುಟ್ಟದೆ ಬದಲಿಸಬಹುದು. ಜಾವಾದವರಿಗಂತೂ ಒಂದು ಏಜೆಂಟ್ ಕಡತವನ್ನು ಜೊತೆಗೆ ಲೋಡ್ ಮಾಡಿದರೆ ಡೇಟಾಬೇಸ್‌ಗೆ ಹೋಗುವ ಜೆಡಿಬಿಸಿ ಕರೆಗಳೆಲ್ಲ ತಾವಾಗಿಯೇ ಬರುತ್ತವೆ. ಆ ಏಜೆಂಟ್ ಕ್ವೆರಿಯೊಳಗಿನ ಮೌಲ್ಯಗಳನ್ನು ಮೂಲ ಸ್ಥಿತಿಯಲ್ಲೇ ಪ್ರಶ್ನಾರ್ಥಕ ಚಿಹ್ನೆಯಾಗಿಸುತ್ತದೆ. ಬೇರೆ ಭಾಷೆಯವರು ತಮ್ಮ ಲೈಬ್ರರಿ ಹಾಗೆ ಮಾಡುತ್ತದೆಯೇ ಎಂದು ಒಂದು ಟ್ರೇಸ್ ತೆರೆದು ಕಣ್ಣಾರೆ ನೋಡಬೇಕು.

ವೆಚ್ಚ ಇರುವುದು ಶೇಖರಣೆಯಲ್ಲಿ. ಎಲ್ಲ ವಿನಂತಿಗಳನ್ನೂ ಇಟ್ಟುಕೊಂಡರೆ ದತ್ತಾಂಶ ಉಕ್ಕುತ್ತದೆ. ಶುರುವಿನಲ್ಲೇ ನೂರಕ್ಕೊಂದನ್ನು ಆರಿಸಿಕೊಂಡರೆ ಆ 9 ಸೆಕೆಂಡ್‌ನ ಅಪರೂಪದ ಪುಟ ಕೈತಪ್ಪುತ್ತದೆ. ನೀವು ಟ್ರೇಸಿಂಗ್ ಹಾಕಿದ್ದೇ ಅದಕ್ಕಾಗಿ! ವಿನಂತಿ ಮುಗಿದ ಮೇಲೆ, ನಿಧಾನವಾದದ್ದನ್ನಷ್ಟೇ ಇಟ್ಟುಕೊಳ್ಳುವ ಟೇಲ್ ಸ್ಯಾಂಪಲಿಂಗ್ ಇದಕ್ಕೆ ಪರಿಹಾರ. ಆದರೆ ಟ್ರೇಸ್‌ಗಳನ್ನು ಒಟ್ಟುಗೂಡಿಸುವ ಕಲೆಕ್ಟರ್ ಎಂಬ ಪ್ರೋಗ್ರಾಂ ಅಷ್ಟು ಹೊತ್ತು ಎಲ್ಲವನ್ನೂ ಮೆಮೊರಿಯಲ್ಲಿ ಹಿಡಿದಿಡಬೇಕು, ಅದನ್ನು ನೋಡಿಕೊಳ್ಳಲು ಬಲ್ಲವರೊಬ್ಬರು ಬೇಕು. ಡೇಟಾಡಾಗ್, ನ್ಯೂ ರೆಲಿಕ್, ಡೈನಾಟ್ರೇಸ್‌ಗಳು ಮಾರುವುದು ಮುಖ್ಯವಾಗಿ ಈ ತಲೆನೋವಿನಿಂದ ಮುಕ್ತಿಯನ್ನು. ಕೊಳ್ಳುವ ಮೊದಲು ಬಿಲ್ ಯಾವುದರ ಮೇಲೆ ಬೆಳೆಯುತ್ತದೆ ಎಂದು ನೋಡಿ. ಡೇಟಾಡಾಗ್‌ನಲ್ಲಿ ಯಂತ್ರಗಳ ಸಂಖ್ಯೆಯ ಮೇಲೆ, ನ್ಯೂ ರೆಲಿಕ್‌ನಲ್ಲಿ ದತ್ತಾಂಶದ ಗಾತ್ರ ಮತ್ತು ಬಳಕೆದಾರರ ಮೇಲೆ. ಹಬ್ಬದ ಮಾರಾಟಕ್ಕೆ ಯಂತ್ರಗಳು ತಾವಾಗಿಯೇ ಹೆಚ್ಚುವ ಏರ್ಪಾಡಿರುವವರಿಗೆ ಮೊದಲನೆಯ ಬಗೆ ದುಬಾರಿಯಾಗಬಹುದು. ಸಿಕ್ಕಿದ್ದನ್ನೆಲ್ಲ ಲಾಗ್ ಮಾಡುವ ಚಟವಿರುವ ತಂಡಕ್ಕೆ ಎರಡನೆಯದು.

ಟ್ರೇಸಿಂಗ್‌ಗೆ ಕಾಣದ್ದೂ ಇದೆ. ಕ್ವೆರಿ 4 ಸೆಕೆಂಡ್ ಹಿಡಿಯಿತು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಲಾಕ್‌ಗೆ ಕಾದಿತೋ, ಇಂಡೆಕ್ಸ್ ಇಲ್ಲದೆ ಇಡೀ ಟೇಬಲ್ ಓದಿತೋ ತಿಳಿಯಲು ಮತ್ತೆ ಡೇಟಾಬೇಸ್ ಕಡೆಗೇ ಬರಬೇಕು. ಎರಡನ್ನೂ ಬೆಸೆಯಲು ಕ್ವೆರಿಯ ಜೊತೆಗೆ ಕಾಮೆಂಟ್ ಅಂಟಿಸುವ ಪದ್ಧತಿಯಿದೆ. ಎಸ್‌ಕ್ಯೂಎಲ್‌ಕಮೆಂಟರ್ ಅದನ್ನೇ ಮಾಡುತ್ತದೆ, ರೈಲ್ಸ್ 7ರಲ್ಲಿ ಒಳಗೇ ಬಂದಿದೆ. ಟ್ರೇಸ್ ಐಡಿ ಹಾಕಿದರೆ ಪ್ರತಿ ಕ್ವೆರಿಯ ಪಠ್ಯವೂ ಬೇರೆಯಾಗಿ ಒಮ್ಮೆ ಸಿದ್ಧಪಡಿಸಿಟ್ಟ ಕ್ವೆರಿಗಳ (ಪ್ರಿಪೇರ್ಡ್ ಸ್ಟೇಟ್‌ಮೆಂಟ್) ಮರುಬಳಕೆ ಕೆಡುತ್ತದೆ. ಕ್ವೆರಿ ಕಳಿಸಿದ ಕೋಡ್‌ನ ಭಾಗದ (ಕಂಟ್ರೋಲರ್) ಹೆಸರಿನಂಥ ಬದಲಾಗದ ವಿವರವನ್ನು ಮಾತ್ರ ಹಾಕುವುದು ಕ್ಷೇಮ.

ಯಾರಿಗೆ ಯಾವುದು

ಒಬ್ಬರೋ ಇಬ್ಬರೋ ಸೇರಿ ಒಂದೇ ಸರ್ವರ್‌ನಲ್ಲಿ ಆ್ಯಪ್ ನಡೆಸುತ್ತಿದ್ದರೆ ಅಂಕಿಅಂಶಗಳ ಎಕ್ಸ್‌ಟೆನ್ಷನ್, 500 ಮಿಲಿಸೆಕೆಂಡ್‌ನ ಲಾಗ್, ಲ್ಯಾಪ್‌ಟಾಪ್‌ನಲ್ಲಿ ಟೂಲ್‌ಬಾರ್. ಒಂದು ಮಧ್ಯಾಹ್ನದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಟ್ರೇಸಿಂಗ್ ಈಗಲೇ ಬೇಡ.

ಹತ್ತಿಪ್ಪತ್ತು ಜನರ ಕಂಪನಿ, ಒಂದು ಮುಖ್ಯ ಆ್ಯಪ್, ಪಕ್ಕದಲ್ಲಿ ಎರಡು ಮೂರು ಸಣ್ಣ ಸೇವೆಗಳು: ಮೇಲಿನದರ ಜೊತೆಗೆ ಓಪನ್‌ಟೆಲಿಮೆಟ್ರಿಯನ್ನು ಮುಖ್ಯ ಆ್ಯಪ್‌ಗೆ ಮಾತ್ರ ಹಾಕಿ, ಯೇಗರ್ ನೀವೇ ನಡೆಸಿ. ಅದನ್ನು ನೋಡಿಕೊಳ್ಳುವ ಹೊಣೆ ಯಾರೂ ಹೊರುವುದಿಲ್ಲ ಎಂದಾದರೆ ಆಗ ಹಣ ಕೊಟ್ಟು ಸೇವೆ ಕೊಳ್ಳುವುದೇ ಅಗ್ಗ. ಒಂದು ವಿನಂತಿ ಆರೇಳು ಸೇವೆಗಳನ್ನು ದಾಟಿ ಹೋಗುವ ಕಡೆಯಂತೂ ಟ್ರೇಸಿಂಗ್ ಇಲ್ಲದಿದ್ದರೆ ತಂಡಗಳು ಒಬ್ಬರ ಮೇಲೊಬ್ಬರು ಬೆರಳು ತೋರಿಸುವುದರಲ್ಲೇ ದಿನ ಕಳೆಯುತ್ತವೆ.

ಆಸ್ಪತ್ರೆ, ಬ್ಯಾಂಕ್, ಸರ್ಕಾರಿ ಯೋಜನೆಗಳ ದತ್ತಾಂಶ ನೋಡುವವರು ಕ್ರಮ ಬದಲಿಸಬೇಕು. ಮೌಲ್ಯಗಳಿಲ್ಲದ ಅಂಕಿಅಂಶವೇ ಮೊದಲು. ಲಾಗ್ ತೆರೆದರೂ ಮೌಲ್ಯಗಳನ್ನು ತಡೆದು, ಕೆಲವೇ ದಿನ ಇಟ್ಟು ಅಳಿಸುವ ನಿಯಮದೊಂದಿಗೆ. ಹೊರಗಿನ ಸೇವೆಗೆ ಏನು ಹೋಗುತ್ತದೆ ಎಂಬುದನ್ನು ಕಾನೂನು ವಿಭಾಗದವರ ಮುಂದಿಟ್ಟ ನಂತರವೇ ಟ್ರೇಸಿಂಗ್.

ಬೇರೆಯವರು ಬರೆದುಕೊಟ್ಟ, ಕೋಡ್ ಮುಟ್ಟಲಾಗದ ಸಾಫ್ಟ್‌ವೇರ್ ನಡೆಸುವವರಿಗೆ ಡೇಟಾಬೇಸ್ ಕಡೆಯ ಸಾಧನಗಳೇ ಗತಿ. ನಿಮ್ಮ ಕೈಗೆ ಸೂಪರ್‌ಯೂಸರ್ ಅಧಿಕಾರ ಕೊಡದಿದ್ದರೆ ಪಿಜಿ ಮಾನಿಟರ್ ಎಂಬ ರೋಲ್ ಅನ್ನಾದರೂ ಕೇಳಿ ಪಡೆಯಿರಿ. ಪೋಸ್ಟ್‌ಗ್ರೆಸ್ 10ರಿಂದ ಇದೆ. ದತ್ತಾಂಶದ ಟೇಬಲ್‌ಗಳನ್ನು ಓದುವ ಹಕ್ಕು ಅದರಿಂದ ಬರುವುದಿಲ್ಲ, ಎಲ್ಲರ ಕ್ವೆರಿಗಳ ಅಂಕಿಅಂಶ ಮಾತ್ರ ಕಾಣುತ್ತದೆ. ಆದ್ದರಿಂದ ಕೊಡುವವರಿಗೂ ಹೆಚ್ಚು ಅಳುಕಿರುವುದಿಲ್ಲ. ಒಟ್ಟು ಸಮಯದ ಮೊದಲ 20 ಸಾಲುಗಳು, ಅವುಗಳಲ್ಲಿ ಎರಡು ಮೂರರ ಪ್ಲ್ಯಾನ್, ಟೈಮ್‌ಔಟ್ ಆದವುಗಳ ಎರರ್ ಸಾಲುಗಳು: ಇಷ್ಟನ್ನು ಇಮೇಲ್‌ಗೆ ಲಗತ್ತಿಸಿ ಕಳಿಸಿದರೆ 'ನಮ್ಮಲ್ಲಿ ಸರಿಯಾಗಿದೆ, ನಿಮ್ಮ ಸರ್ವರ್ ದೊಡ್ಡದು ಮಾಡಿ' ಎಂದು ಮಾರಾಟಗಾರರು ಉತ್ತರಿಸುವುದು ಕಷ್ಟವಾಗುತ್ತದೆ.